ದಿನಕ್ಕೆ ಎರಡು ವೈನರಿ ಸಾಕು

ಪ್ರವಾಸದ ಯೋಜನೆ ಹಾಕಿಕೊಡುವುದು ನನ್ನ ಕೆಲಸ. ವೈನ್ ಸವಿಯಲು ಇಟಲಿಗೆ ಹೊರಟವರು ತರುವ ಪಟ್ಟಿಯಲ್ಲಿ ಒಂದೇ ದಿನಕ್ಕೆ ನಾಲ್ಕೈದು ವೈನರಿ ಇರುತ್ತವೆ. ನಾನು ಮೊದಲು ಅದಕ್ಕೆ ಕತ್ತರಿ ಹಾಕುತ್ತೇನೆ. ಬೆಳಿಗ್ಗೆ ಒಂದು, ಊಟ ಆದಮೇಲೆ ಒಂದು. ಅಷ್ಟೇ.

ವಾಯವ್ಯ ಇಟಲಿಯ ಲಾಂಗೆ ಬೆಟ್ಟಗಳನ್ನೇ ತಗೊಳ್ಳಿ. ಬರೋಲೊ, ಬಾರ್ಬರೆಸ್ಕೊ ವೈನ್‌ಗಳ ತವರು ಇದು. ಇಲ್ಲಿನ ಎಷ್ಟೋ ವೈನರಿಗಳನ್ನು ಒಂದೊಂದು ಕುಟುಂಬ ನಡೆಸುತ್ತದೆ. ನಿಮ್ಮ ಗ್ಲಾಸಿಗೆ ವೈನ್ ಹಾಕುವವರೇ ಬೆಳಿಗ್ಗೆ ತೋಟದಲ್ಲಿ ಬಳ್ಳಿ ಸವರಿ ಬಂದಿರುತ್ತಾರೆ. ಹೇಳದೆ ಕೇಳದೆ ಹೋದರೆ ಬಾಗಿಲು ತೆಗೆಯಲು ಯಾರೂ ಇಲ್ಲದಿರಬಹುದು. ಕೆಲವು ವಾರ ಮೊದಲೇ ಇಮೇಲ್ ಮಾಡಿ. ಎಷ್ಟು ಜನ, ಯಾವ ಹೊತ್ತು, ಇಂಗ್ಲಿಷ್‌ನಲ್ಲಿ ವಿವರಿಸುವವರು ಬೇಕಾ ಅಂತ ಬರೆಯಿರಿ. ಭಾನುವಾರ ಮುಚ್ಚುವವರೂ ಇದ್ದಾರೆ, ಕೇಳಿಕೊಳ್ಳಿ. ಹೋಗಲು ಆಗದಿದ್ದರೆ ದಯವಿಟ್ಟು ತಿಳಿಸಿ. ನಿಮಗಾಗಿ ಒಬ್ಬರು ತೋಟದ ಕೆಲಸ ಬಿಟ್ಟು ಕಾಯುತ್ತಿರುತ್ತಾರೆ.

ಯಾವ ಎರಡು? ಬರೋಲೊ ಮಾಡುವುದು ನೆಬ್ಬಿಯೋಲೊ ಅನ್ನುವ ಒಂದೇ ದ್ರಾಕ್ಷಿಯಿಂದ, ಅದೂ 11 ಊರುಗಳ ವ್ಯಾಪ್ತಿಯಲ್ಲಿ. ಆದರೂ ಊರಿಂದ ಊರಿಗೆ ರುಚಿ ಬೇರೆ. ಪಶ್ಚಿಮದ ಲಾ ಮೊರ್ರಾ ಕಡೆಯದು ಸಾಮಾನ್ಯವಾಗಿ ಘಮಘಮ, ಸ್ವಲ್ಪ ಮೆದು. ಪೂರ್ವದ ಸೆರ್ರಲುಂಗಾದ್ದು ಗಡಸು. ಮಣ್ಣಿನ ವ್ಯತ್ಯಾಸ ಇದಕ್ಕೆ ದೊಡ್ಡ ಕಾರಣ. ಅದಕ್ಕೇ ನಾನು ಬೆಳಿಗ್ಗೆ ಲಾ ಮೊರ್ರಾ, ಮಧ್ಯಾಹ್ನ ಸೆರ್ರಲುಂಗಾ ಇಡುತ್ತೇನೆ. ಗ್ಲಾಸ್ ಓರೆ ಮಾಡಿ ನೋಡಿ. ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಇದೇನು ನೀರಾಗಿದೆ ಅನಿಸುತ್ತದೆ. ಬಾಯಿಗೆ ಹಾಕಿದ ಮೇಲೆ ಒಸಡಿಗೆಲ್ಲ ಒಗರು ಹಿಡಿಯುತ್ತದೆ. ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಮಾಗಿದ ಮೇಲೂ ಇಷ್ಟು ಒಗರು! ಇಂಥ ನಾಲ್ಕೈದು ವೈನ್ ರುಚಿ ನೋಡಿದ ನಾಲಿಗೆಗೆ ಬಿಡುವು ಬೇಕೇ ಬೇಕು. ಮೂರನೇ ವೈನರಿಯಲ್ಲಿ ಎಲ್ಲವೂ ಒಂದೇ ಥರ ಅನಿಸುತ್ತದೆ.

ನುಂಗಲೇಬೇಕು ಅಂತಿಲ್ಲ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೂ ಕಾರು ಓಡಿಸುವವರು ರುಚಿ ನೋಡಬಾರದು ಅನ್ನುವುದು ನನ್ನ ಖಡಾಖಂಡಿತ ಮಾತು. ಇಟಲಿಯಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್. ರಸ್ತೆಗಳೂ ಬರೀ ತಿರುವು. ಹಳ್ಳಿಗಳಲ್ಲಿ ಟ್ಯಾಕ್ಸಿ ಸುಲಭವಾಗಿ ಸಿಗುವುದಿಲ್ಲ, ಹತ್ತಿರದ ಆಲ್ಬಾ ಪಟ್ಟಣದಿಂದ ಚಾಲಕನ ಸಮೇತ ಕಾರು ಮೊದಲೇ ಗೊತ್ತುಮಾಡಿ.

ಅಕ್ಟೋಬರ್ ಚೆಂದ, ನಿಜ. ಆದರೆ ಆಗ ಕೊಯ್ಲು ನಡೆಯುತ್ತಿರುತ್ತದೆ, ಆಲ್ಬಾದಲ್ಲಿ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಒಂದು ಬಗೆಯ ಅಣಬೆ) ಮೇಳವೂ ಇರುತ್ತದೆ. ರೂಮು ದುಬಾರಿ, ಮಾಲೀಕರಿಗೆ ಪುರುಸೊತ್ತಿಲ್ಲ. ನಿಧಾನವಾಗಿ ಮಾತಾಡಬೇಕು ಅನ್ನುವವರಿಗೆ ನಾನು ಹೇಳುವುದು ಮೇ ತಿಂಗಳು. ಆಗಸ್ಟ್ 15ರ ಆಸುಪಾಸು ಬೇಡ, ಇಡೀ ದೇಶಕ್ಕೆ ರಜೆ.

ಸಸ್ಯಾಹಾರಿಗಳು ಇಮೇಲ್‌ನಲ್ಲೇ ತಿಳಿಸಿಬಿಡಿ. ಬಾನ್ಯಾ ಕೌಡಾ ಅಂತ ತರಕಾರಿ ಅದ್ದಿ ತಿನ್ನುವ ಬಿಸಿ ಗೊಜ್ಜು ಬರುತ್ತದೆ. ಅದರಲ್ಲಿ ಬೆಳ್ಳುಳ್ಳಿಯ ಜೊತೆ ಸಣ್ಣ ಮೀನು ಕರಗಿಸಿರುತ್ತಾರೆ.

ಬುಕಿಂಗ್ ಸಿಗದ ದಿನ ಬಾರ್ಬರೆಸ್ಕೊಗೆ ಹೋಗಿ. ಅಲ್ಲಿ ಸಾನ್ ಡೊನಾಟೊ ಎಂಬ ಹಳೇ ಚರ್ಚನ್ನೇ ವೈನ್ ಅಂಗಡಿ ಮಾಡಿದ್ದಾರೆ. ಸುತ್ತಮುತ್ತಲ ಹಲವು ತಯಾರಕರ ಬಾಟಲಿಗಳು ಒಂದೇ ಕಡೆ ಸಿಗುತ್ತವೆ. ಕೊಳ್ಳುವಾಗ ಲೆಕ್ಕ ಇರಲಿ: ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್, ಅಂದರೆ ಎರಡು ಬಾಟಲಿ.