ಸಿಸ್ಟರ್, ಈ ಫಾರ್ಮ್ ಸ್ವಲ್ಪ ತುಂಬಿಕೊಡ್ತೀರಾ?

1980ರ ದಶಕದ ಆರಂಭದಲ್ಲಿ ಅಮೆರಿಕದ ಅರವತ್ತು ಸಾವಿರಕ್ಕೂ ಹೆಚ್ಚು ನರ್ಸುಗಳು ತಮ್ಮ ಕಾಲ್ಬೆರಳುಗಳ ಉಗುರು ಕತ್ತರಿಸಿ, ಲಕೋಟೆಗೆ ಹಾಕಿ, ಅಂಚೆಯಲ್ಲಿ ಬಾಸ್ಟನ್ನಿಗೆ ಕಳಿಸಿದರು. ಹಾಗೆ ಕಳಿಸಿ ಎಂದು ಕೇಳಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು. ಉಗುರು ಬೆಳೆಯುವುದು ನಿಧಾನ. ಬೆಳೆಯುವಾಗ ಸೆಲೆನಿಯಂನಂಥ ಧಾತುಗಳನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಇವತ್ತು ತೆಗೆದ ರಕ್ತ ಇತ್ತೀಚಿನ ದಿನಗಳ ಕಥೆ ಹೇಳಿದರೆ, ಕಾಲಿನ ಉಗುರು ಎಷ್ಟೋ ತಿಂಗಳ ಹಿಂದಿನದನ್ನೂ ಹೇಳುತ್ತದೆ. ಸೆಲೆನಿಯಂ ಹೆಚ್ಚಿರುವವರಿಗೆ ಸ್ತನ ಕ್ಯಾನ್ಸರ್ ಬರುವುದು ಕಡಿಮೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹಾಗೇನೂ ಕಾಣುವುದಿಲ್ಲ ಎಂದು 1990ರಲ್ಲಿ ಉತ್ತರ ಬಂತು. ಸೆಲೆನಿಯಂ ಮಾತ್ರೆ ಮಾರುವವರಿಗೆ ಹಿಡಿಸುವ ಉತ್ತರವಲ್ಲ, ಆದರೆ ಉಗುರು ಕಳಿಸಿದವರ ಶ್ರಮ ವ್ಯರ್ಥವಾಯಿತು ಎನ್ನುವಂತೆಯೂ ಇಲ್ಲ.

ಇದು 'ನರ್ಸಸ್ ಹೆಲ್ತ್ ಸ್ಟಡಿ' ಎಂಬ ದೊಡ್ಡ ಅಧ್ಯಯನದ ಒಂದು ಚಿಕ್ಕ ಅಧ್ಯಾಯ. 1976ರಲ್ಲಿ ಫ್ರಾಂಕ್ ಸ್ಪೈಜರ್ ಎಂಬ ವೈದ್ಯರು ಇದನ್ನು ಶುರುಮಾಡಿದಾಗ ಗರ್ಭನಿರೋಧಕ ಮಾತ್ರೆಯಿಂದ ಮುಂದೆ ಏನೇನು ಆದೀತು ಎಂದು ತಿಳಿಯುವುದು ಮುಖ್ಯ ಗುರಿ. 30ರಿಂದ 55 ವರ್ಷದೊಳಗಿನ ಸುಮಾರು 1,21,700 ನರ್ಸುಗಳು ಸೇರಿಕೊಂಡರು. ಎರಡು ವರ್ಷಕ್ಕೊಮ್ಮೆ ಮನೆಗೆ ಪ್ರಶ್ನಾವಳಿ ಬರುತ್ತಿತ್ತು: ಸಿಗರೇಟು ಸೇದುತ್ತೀರಾ, ತೂಕ ಎಷ್ಟು, ಯಾವ ಮಾತ್ರೆ ನುಂಗುತ್ತೀರಿ, ಹೊಸದಾಗಿ ಯಾವ ಕಾಯಿಲೆ ಬಂದಿದೆ. ಮುಂದೆ ಊಟತಿಂಡಿಯ ಪ್ರಶ್ನೆಗಳೂ ಸೇರಿದವು. 1989ರಲ್ಲಿ ನರ್ಸುಗಳ ಎರಡನೆಯ ತಂಡ ಸೇರಿತು, 2010ರಲ್ಲಿ ಮೂರನೆಯದು. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂದು ಈಗ ಕೇಳುತ್ತೇವಲ್ಲ, ಅದಕ್ಕೆ ಬಲ ಕೊಟ್ಟ ಮುಖ್ಯ ಸಾಕ್ಷ್ಯಗಳಲ್ಲಿ ಒಂದು 1993ರಲ್ಲಿ ಹೊರಬಂದದ್ದು ಈ ನರ್ಸುಗಳ ಉತ್ತರಗಳಿಂದ.

ನರ್ಸುಗಳೇ ಯಾಕೆ? ಬಿ.ಪಿ. ಎಂದರೇನು, ಬಯಾಪ್ಸಿ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ. 'ಯಾವುದೋ ಗುಳಿಗೆ, ಬಿಳೀದು' ಎಂದು ಬರೆಯುವ ಜನ ಅಲ್ಲ ಅವರು. ನೋಂದಣಿ ಇರುವುದರಿಂದ ವಿಳಾಸ ಸಿಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬರೆದಿಡುವುದು ಅವರ ಕಸುಬಿನ ಭಾಗ. ಟೆಂಪರೇಚರ್, ನಾಡಿ, ಇನ್‌ಟೇಕ್–ಔಟ್‌ಪುಟ್ ಎಂದು ದಿನಕ್ಕೆ ಎಷ್ಟು ಸಲ ಬರೆಯುತ್ತಾರೋ. ಈ ಪರಂಪರೆಗೆ ಮೂಲವ್ಯಕ್ತಿಯಾದ ಫ್ಲಾರೆನ್ಸ್ ನೈಟಿಂಗೇಲ್ ದೀಪಕ್ಕಿಂತ ಹೆಚ್ಚಾಗಿ ಅಂಕಿಗಳನ್ನು ಹಿಡಿದವರು. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು ಎಂದು 1858ರಲ್ಲಿ ಬಣ್ಣದ ನಕ್ಷೆ ಬರೆದು ತೋರಿಸಿದ್ದರು.

ಈಗ ಮುಂಬೈಗೆ ಬರೋಣ. ಡೊಂಬಿವಿಲಿ, ಠಾಣೆ, ಭಾಂಡೂಪ್, ಚೆಂಬೂರಿನ ಕನ್ನಡ ಮನೆಗಳಲ್ಲಿ ಒಬ್ಬರಾದರೂ ನರ್ಸ್ ಇರುವ ಬಳಗ ಸಿಗುವುದು ಕಷ್ಟವಲ್ಲ. ಉಡುಪಿ, ಕಾರ್ಕಳ, ಕಾರವಾರದ ಕಡೆಯಿಂದ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ಸರ್ವೀಸ್ ಮುಗಿಸಿದವರು, ಈಗ ಅವರ ಮಕ್ಕಳು ಇಲ್ಲೇ ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವವರು. ನಾಶಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿರಲಿ, ಮುಂಬೈಯ ಎಸ್.ಎನ್.ಡಿ.ಟಿ. ಇರಲಿ, ಎಂ.ಎಸ್ಸಿ. ನರ್ಸಿಂಗ್ ಮಾಡುವವರು ಒಂದು ಪ್ರಬಂಧ ಬರೆಯಲೇಬೇಕು. ಅದಕ್ಕೆ 'ಸ್ಯಾಂಪಲ್' ಬೇಕು, ಅಂದರೆ ಪ್ರಶ್ನೆಗೆ ಉತ್ತರ ಕೊಡುವ ಒಂದಷ್ಟು ಜನ. ಹತ್ತಿರದಲ್ಲಿ ಸುಲಭವಾಗಿ ಸಿಗುವ ಸ್ಯಾಂಪಲ್ ಎಂದರೆ ವಾರ್ಡಿನ ನರ್ಸುಗಳು, ಇಲ್ಲವೇ ತರಗತಿಯ ವಿದ್ಯಾರ್ಥಿಗಳು. ಪ್ರಬಂಧದ ಶೀರ್ಷಿಕೆಗಳಲ್ಲಿ 'ನಗರದ ಆಯ್ದ ಆಸ್ಪತ್ರೆಗಳಲ್ಲಿ' ಎಂದಿರುತ್ತದೆ. ಆಯ್ದದ್ದು ಹೇಗೆ ಎಂದು ಕೇಳಿದರೆ ಬಹಳ ಸಲ ಉತ್ತರ ಒಂದೇ: ಅಲ್ಲಿ ಪರ್ಮಿಶನ್ ಸಿಕ್ಕಿತು.

ನಮ್ಮ ಸೊಸೈಟಿಯಲ್ಲಿ ಎಲ್ಲರೂ 'ಸಿಸ್ಟರ್ ಆಂಟಿ' ಎಂದೇ ಕರೆಯುವ ಕಾರ್ಕಳದ ನಿವೃತ್ತ ಸ್ಟಾಫ್ ನರ್ಸ್ ಒಬ್ಬರಿದ್ದಾರೆ. ಇಂಥ ಫಾರ್ಮುಗಳ ವಿಷಯ ಎತ್ತಿದಾಗ ನಕ್ಕುಬಿಟ್ಟರು. "ರೌಂಡ್ಸ್ ಮುಗಿದು ಇಂಜೆಕ್ಷನ್ ಟ್ರಾಲಿ ರೆಡಿ ಮಾಡುವ ಹೊತ್ತಿಗೇ ಬರ್ತಾರೆ ಮಾರಾಯ್ರೆ. ಪಾಪ, ಓದುವ ಮಕ್ಕಳು, ಇಲ್ಲ ಅನ್ಲಿಕ್ಕೆ ಮನಸ್ಸು ಬರುದಿಲ್ಲ. ಒಂದೇ ಸಾಲಲ್ಲಿ ಟಿಕ್ ಹಾಕ್ತಾ ಹೋಗುದು."

ಆ 'ಒಂದೇ ಸಾಲಲ್ಲಿ ಟಿಕ್' ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರಶ್ನಾವಳಿಯಲ್ಲಿ ಒಂದೊಂದು ವಾಕ್ಯದ ಮುಂದೆ ಐದು ಚೌಕ ಇರುತ್ತವೆ: ಖಂಡಿತ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. 1932ರಲ್ಲಿ ರೆನ್ಸಿಸ್ ಲೈಕರ್ಟ್ ಎಂಬವರು ರೂಪಿಸಿದ ಮಾಪನ ಇದು. ಆರನೆಯ ವಾಕ್ಯ 'ನನ್ನ ಕೆಲಸ ನನಗೆ ತೃಪ್ತಿ ಕೊಟ್ಟಿದೆ' ಎಂದಿದ್ದರೆ, ಹತ್ತೊಂಬತ್ತನೆಯದು 'ಈ ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತದೆ' ಎಂದಿರುತ್ತದೆ. ಎರಡಕ್ಕೂ 'ಒಪ್ಪುತ್ತೇನೆ' ಎಂದು ಟಿಕ್ ಬಿದ್ದರೆ ತುಂಬಿದವರು ಓದಿಲ್ಲ ಎಂದು ಸಂಶೋಧಕರಿಗೆ ಸಂಶಯ ಬರಲಿ ಎಂದೇ ಹೀಗೆ ತಿರುಗುಮುರುಗು ವಾಕ್ಯಗಳನ್ನು ನಡುನಡುವೆ ಸೇರಿಸಿರುತ್ತಾರೆ. ಆದರೆ ಓದಿದವರು ಸುಳ್ಳು ಹೇಳಿದರೆ ಅದನ್ನು ಹಿಡಿಯುವ ಚೌಕ ಇಂಥ ಫಾರ್ಮಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಓದಿ, ಯೋಚಿಸಿ, ಯಾರಿಗೂ ಬೇಜಾರಾಗದಂತೆ ತುಂಬಿದ ಫಾರ್ಮು ನೋಡಲು ಬಲು ಅಚ್ಚುಕಟ್ಟಾಗಿರುತ್ತದೆ.

ಹೇಳುವುದಕ್ಕೂ ಮಾಡುವುದಕ್ಕೂ ಎಷ್ಟು ಅಂತರವಿರಬಹುದು ಎಂಬುದಕ್ಕೆ 1966ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಂದಿಗೂ ಚರ್ಚೆಗೆ ಬರುತ್ತದೆ. ಚಾರ್ಲ್ಸ್ ಹಾಫ್ಲಿಂಗ್ ಎಂಬ ಅಮೆರಿಕದ ಮನೋವೈದ್ಯ ಮತ್ತು ಸಂಗಡಿಗರು ಮಾಡಿದ್ದು. ವಾರ್ಡಿನಲ್ಲಿ ನರ್ಸ್ ಒಬ್ಬರೇ ಇರುವಾಗ ಫೋನ್ ಬರುತ್ತದೆ. ಪರಿಚಯವಿಲ್ಲದ ಡಾಕ್ಟರ ದನಿ. ಇಂಥ ರೋಗಿಗೆ 'ಆಸ್ಟ್ರೋಟೆನ್' 20 ಮಿಲಿಗ್ರಾಂ ಕೊಡಿ, ನಾನು ಆಮೇಲೆ ಬಂದು ಸಹಿ ಹಾಕುತ್ತೇನೆ ಎನ್ನುತ್ತದೆ. ಡಬ್ಬಿಯ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಬರೆದಿದೆ. ಫೋನಿನಲ್ಲಿ ಹೇಳಿದ ಔಷಧ ಕೊಡಬಾರದು ಎಂಬುದು ಆಸ್ಪತ್ರೆಯ ನಿಯಮ. ಆ ಔಷಧ ವಾರ್ಡಿನ ಪಟ್ಟಿಯಲ್ಲೂ ಇಲ್ಲ, ಡಬ್ಬಿಯಲ್ಲಿದ್ದದ್ದು ಬರಿಯ ಗ್ಲೂಕೋಸ್. 22 ನರ್ಸುಗಳಲ್ಲಿ 21 ಮಂದಿ ಕೊಡಲು ಹೊರಟರು. ಮಂಚದ ಹತ್ತಿರ ಹೋಗುವ ಮೊದಲೇ ಅವರನ್ನು ತಡೆಯಲಾಯಿತು.

ಇದೇ ಸನ್ನಿವೇಶವನ್ನು ಕಾಗದದ ಮೇಲೆ ವಿವರಿಸಿ ಬೇರೆ ನರ್ಸುಗಳನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ' ಎಂದು ಕೇಳಿದ್ದರು. 12 ನರ್ಸುಗಳಲ್ಲಿ 10 ಮಂದಿ, 21 ವಿದ್ಯಾರ್ಥಿಗಳಲ್ಲಿ 21ಕ್ಕೆ 21 ಮಂದಿ 'ಕೊಡುತ್ತಿರಲಿಲ್ಲ' ಎಂದರು. ವಿದ್ಯಾರ್ಥಿಗಳು ಸುಳ್ಳು ಹೇಳಿದರು ಎಂದು ನನಗನ್ನಿಸುವುದಿಲ್ಲ. ತರಗತಿಯಲ್ಲಿ ಕಲಿತದ್ದನ್ನು ಹೇಳಿದರು. ಆ ಹೊತ್ತಿನಲ್ಲಿ ಕಿವಿಯ ಹತ್ತಿರ ಡಾಕ್ಟರ ದನಿ ಇರಲಿಲ್ಲ, ಅಷ್ಟೇ. 1977ರಲ್ಲಿ ಬೇರೆ ಸಂಶೋಧಕರು ನರ್ಸುಗಳಿಗೆ ಗೊತ್ತಿರುವ ಔಷಧವನ್ನೇ ಇಟ್ಟು, ಜೊತೆಯವರನ್ನು ಕೇಳಲು ಅವಕಾಶವಿರುವಂತೆ ಮಾಡಿ ನೋಡಿದಾಗ 18ರಲ್ಲಿ ಇಬ್ಬರು ಮಾತ್ರ ಕೊಡಲು ಮುಂದಾದರು. ವಿಧೇಯತೆ ಎನ್ನುವುದು ನರ್ಸಿನ ಸ್ವಭಾವದಲ್ಲಿಲ್ಲ, ಅವರನ್ನು ನಿಲ್ಲಿಸಿದ ಜಾಗದಲ್ಲಿದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಾಫ್ಲಿಂಗ್ ಪ್ರಯೋಗದ ಇನ್ನೊಂದು ಸಂಗತಿ: ಆ 22 ಮಂದಿಗೆ ತಾವು ಅಧ್ಯಯನದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಇಂದು ಹಾಗೆ ಮಾಡಲು, ಸಂಶೋಧನೆಯನ್ನು ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿ ಸುಲಭಕ್ಕೆ ಒಪ್ಪುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿದ್ಯಾರ್ಥಿಗಳನ್ನೂ, ಕೈಕೆಳಗಿನ ನೌಕರರನ್ನೂ 'ದುರ್ಬಲ ಸ್ಥಿತಿಯಲ್ಲಿರುವವರು' ಎಂಬ ಗುಂಪಿಗೆ ಸೇರಿಸುತ್ತದೆ. ಅವರಿಗೆ ಬುದ್ಧಿ ಕಡಿಮೆ ಎಂದಲ್ಲ, 'ಬೇಡ' ಎನ್ನುವುದು ಅವರಿಗೆ ಕಷ್ಟ ಎಂದು. ಸಮಿತಿಯ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರು ಒಬ್ಬರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯರು ಒಬ್ಬರು ಇರಬೇಕು ಎಂಬುದೂ ಅದರಲ್ಲೇ ಇದೆ. ಭಾಗವಹಿಸುವವರು ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ಹೊರಬರಬಹುದು.

ಕಾಗದದ ಮೇಲೆ ಇಷ್ಟಿದ್ದರೂ ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಓದುವ ನನ್ನ ತಂಗಿಯ ಮಗಳ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಹೀಗಿತ್ತು: ಎಲ್ಲರೂ ಸಂಜೆಯೊಳಗೆ ಗೂಗಲ್ ಫಾರ್ಮ್ ತುಂಬಿ, ಸ್ಕ್ರೀನ್‌ಶಾಟ್ ಹಾಕಬೇಕು. ಫಾರ್ಮಿನ ಮೊದಲ ಸಾಲು 'ನಾನು ಸ್ವಂತ ಇಚ್ಛೆಯಿಂದ ಭಾಗವಹಿಸುತ್ತಿದ್ದೇನೆ'. ಕಳಿಸಿದವರು ಇಂಟರ್ನಲ್ ಮಾರ್ಕ್ಸ್ ಹಾಕುವ ಮೇಡಂ. ವಿಷಯ, ನರ್ಸಿಂಗ್ ವಿದ್ಯಾರ್ಥಿಗಳ ಮಾನಸಿಕ ಒತ್ತಡ! "ದೊಡ್ಡಮ್ಮ, ಒತ್ತಡ ಇಲ್ಲ ಅಂತ್ಲೇ ಹಾಕಿದೆ, ಸುಮ್ನೆ ಯಾಕೆ ರಗಳೆ" ಎಂದಳು. ತರಗತಿಯವರೆಲ್ಲ ಹೀಗೆ ತುಂಬಿದರೆ ಆ ಕಾಲೇಜಿನಲ್ಲಿ ಒತ್ತಡ ಬಹಳ ಕಡಿಮೆ ಎಂದು ಪ್ರಬಂಧದಲ್ಲಿ ಅಚ್ಚಾಗುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯವನ್ನು ಬರಿಯ ನೀತಿಯ ಮಾತು ಎಂದು ಬದಿಗಿಡಲು ಆಗದಿರುವುದು ಈ ಕಾರಣಕ್ಕೆ. ಅದಿಲ್ಲದ ಕಡೆ ಅಂಕಿಯೇ ಕೆಡುತ್ತದೆ, ಮುಂದೆ ಎಷ್ಟು ಒಳ್ಳೆಯ ಸಂಖ್ಯಾಶಾಸ್ತ್ರ ಹಚ್ಚಿದರೂ ಅದು ಸರಿಹೋಗುವುದಿಲ್ಲ.

'ಹೆಸರು ಬರೆಯಬೇಕಿಲ್ಲ' ಎಂಬ ಭರವಸೆಯನ್ನೂ ಹಾಗೇ ನಂಬುವಂತಿಲ್ಲ. ಹೆಸರಿನ ಬದಲು ವಯಸ್ಸು, ವಾರ್ಡು, ಎಷ್ಟು ವರ್ಷದ ಅನುಭವ, ಮಾತೃಭಾಷೆ ಇಷ್ಟನ್ನು ಕೇಳಿರುತ್ತಾರೆ. ಮುಂಬೈಯ ಒಂದು ಐ.ಸಿ.ಯು.ದಲ್ಲಿ ಮಾತೃಭಾಷೆ ಕನ್ನಡ, ವಯಸ್ಸು 29, ಗಂಡು ಎಂದರೆ ಆ ಒಬ್ಬನ ಬಿಟ್ಟು ಇನ್ಯಾರು? ಮಲಯಾಳಿ ಇಲ್ಲವೇ ಮರಾಠಿ ನರ್ಸಿಗೆ ಗುಂಪಿನಲ್ಲಿ ಮರೆಯಾಗುವ ಅವಕಾಶವಿದೆ, ನಮ್ಮವರಿಗೆ ಬಹಳ ಕಡೆ ಇಲ್ಲ. ಮಾತೃಭಾಷೆ ಯಾಕೆ ಬೇಕು ಎಂದು ಕೇಳಿ, ಸರಿಯಾದ ಕಾರಣ ಬರದಿದ್ದರೆ ಆ ಜಾಗ ಖಾಲಿ ಬಿಡಬಹುದು. ಎಲ್ಲ ಪ್ರಶ್ನೆಗೂ ಉತ್ತರಿಸಲೇಬೇಕು ಎಂದೇನಿಲ್ಲ.

ನಿಜವಾಗಿ ಉತ್ತರಿಸಿದಾಗ ಎಷ್ಟು ದೂರ ಹೋಗಬಹುದು ಎಂಬುದಕ್ಕೂ ಉದಾಹರಣೆ ಇದೆ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ 26,000ಕ್ಕೂ ಹೆಚ್ಚು ನರ್ಸುಗಳಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು ತೀರಾ ಸಾದಾ: ನಿಮ್ಮ ಹಿಂದಿನ ಪಾಳಿಯಲ್ಲಿ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ನರ್ಸುಗಳಿದ್ದರು? ಅದನ್ನು ಅದೇ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಯೊಂದಿಗೆ ಹೊಂದಿಸಿ ಲಿಂಡಾ ಏಕನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಂಭವ 7 ಪ್ರತಿಶತದಷ್ಟು ಏರುತ್ತದೆ. ಹೆಡ್ ಆಫೀಸಿನ ರಿಜಿಸ್ಟರಿನಲ್ಲಿ ಇಂಥ ವಾರ್ಡಿಗೆ ಇಷ್ಟು ಪೋಸ್ಟ್ ಎಂದಿರುತ್ತದೆ. ರಜೆ ಹಾಕಿದವರು, ಬೇರೆ ವಾರ್ಡಿಗೆ ಕಳಿಸಿದವರು ಕಳೆದು ನಿಜಕ್ಕೂ ನಿಂತವರು ಎಷ್ಟು ಎಂದು ಗೊತ್ತಿರುವುದು ನಿಂತವರಿಗೆ.

ಇಂಥ ಅಂಕಿಗಳನ್ನೂ ಕಣ್ಣು ಮುಚ್ಚಿ ನುಂಗಬಾರದು. ಋತುಬಂಧದ ನಂತರ ಹಾರ್ಮೋನ್ ತೆಗೆದುಕೊಳ್ಳುವ ನರ್ಸುಗಳಿಗೆ ಹೃದ್ರೋಗ ಕಡಿಮೆ ಎಂದು ಹಾರ್ವರ್ಡಿನ ಅಧ್ಯಯನ 1991ರಲ್ಲಿ ಹೇಳಿತು. 2002ರಲ್ಲಿ, ಚೀಟಿ ಎತ್ತಿದಂತೆ ಹಂಚಿ ಕೆಲವರಿಗೆ ಹಾರ್ಮೋನ್, ಕೆಲವರಿಗೆ ಹುಸಿಮಾತ್ರೆ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಆ ರಕ್ಷಣೆ ಕಾಣಲಿಲ್ಲ; ಬದಲಿಗೆ ಅಪಾಯವೇ ತುಸು ಹೆಚ್ಚಿತ್ತು. ತಾವಾಗಿ ಹಾರ್ಮೋನ್ ತೆಗೆದುಕೊಂಡವರು ಮೊದಲಿನಿಂದಲೂ ಆರೋಗ್ಯದ ಬಗ್ಗೆ ಎಚ್ಚರದವರಾಗಿದ್ದರು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಚಿಕಿತ್ಸೆ ಶುರುಮಾಡಿದ ವಯಸ್ಸೂ ಇನ್ನೊಂದು.

ರಾತ್ರಿ ಪಾಳಿಯದೂ ಮುಗಿಯದ ಕಥೆ. 30 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸರದಿಯ ನೈಟ್ ಮಾಡಿದವರಲ್ಲಿ ಸ್ತನ ಕ್ಯಾನ್ಸರ್ 36 ಪ್ರತಿಶತ ಹೆಚ್ಚು ಎಂದು ಅದೇ ಹಾರ್ವರ್ಡ್ ಅಧ್ಯಯನದಿಂದ 2001ರಲ್ಲಿ ಬಂತು. ಅವರನ್ನು ನಿವೃತ್ತಿಯ ನಂತರವೂ ಬಹುಕಾಲ ಅನುಸರಿಸಿದಾಗ ಆ ಹೆಚ್ಚಳ ಕರಗಿತು. ಹರೆಯದಲ್ಲೇ ಹೆಚ್ಚು ನೈಟ್ ಮಾಡಿದವರಲ್ಲಿ ಮಾತ್ರ ಸಂಶಯ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ 2019ರಲ್ಲೂ ರಾತ್ರಿ ಪಾಳಿಯ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಪಟ್ಟಿಯಲ್ಲಿಟ್ಟಿದೆ. ಹಾರ್ವರ್ಡ್ ಅಧ್ಯಯನದ ನರ್ಸುಗಳಿಗೆ ಕೇಳಿದ್ದು 'ತಿಂಗಳಿಗೆ ಕನಿಷ್ಠ ಮೂರು ನೈಟ್, ಅದರ ಜೊತೆಗೆ ಹಗಲು ಅಥವಾ ಸಂಜೆ ಪಾಳಿ, ಹೀಗೆ ಎಷ್ಟು ವರ್ಷ' ಎಂದು.

ಸಿಸ್ಟರ್ ಆಂಟಿಗೆ ಈ ಪ್ರಶ್ನೆ ಹೇಳಿದೆ. "ನಮ್ಮದು ಸಾಲು ನೈಟ್. ಅದು ಮುಗಿಸಿ ಲೋಕಲ್ ಹಿಡಿದು ಮನೆಗೆ ಬಂದ್ರೆ ಮಲಗ್ಲಿಕ್ಕೆ ಎಲ್ಲಿ ಉಂಟು? ಮಕ್ಕಳ ಡಬ್ಬಿ, ನೀರು ಹಿಡಿಯುದು, ಅತ್ತೆಯ ಮದ್ದು. ಎಷ್ಟು ನೈಟ್ ಅಂತ ಕೇಳಿದ್ರೆ ಸಾಲದು, ನೈಟ್ ಮುಗಿದ ಮೇಲೆ ಎಷ್ಟು ಗಂಟೆ ಮಲಗಿದ್ದು ಅಂತ ಕೇಳ್ಬೇಕು" ಎಂದರು.

ಸಂಶೋಧಕರು ಮುಖ್ಯ ಅಧ್ಯಯನಕ್ಕೆ ಮುಂಚೆ ಕೆಲವೇ ಜನರ ಮೇಲೆ ಪ್ರಶ್ನಾವಳಿಯನ್ನು ಪರೀಕ್ಷಿಸುತ್ತಾರೆ, ಅದನ್ನು ಪೈಲಟ್ ಎನ್ನುತ್ತಾರೆ. ಪೈಲಟ್‌ಗೆ ಕರೆದರೆ ತಪ್ಪದೆ ಹೋಗಿ ಎಂದು ನಾನು ಹೇಳುತ್ತೇನೆ; ಆಂಟಿ ಹೇಳಿದಂಥ ಮಾತಿಗೆ ಅಲ್ಲಿ ಜಾಗ ಇದೆ, ಪ್ರಶ್ನೆಯನ್ನೇ ತಿದ್ದಿಸಬಹುದು. ಇನ್ನು ಫಾರ್ಮಿನ ಜೊತೆ ಕೊಡುವ ಮಾಹಿತಿ ಪತ್ರದ ಕೊನೆಯಲ್ಲಿ ನೈತಿಕ ಸಮಿತಿಯ ಸದಸ್ಯ ಕಾರ್ಯದರ್ಶಿಯ ಫೋನ್ ನಂಬರ್ ಕೊಟ್ಟಿರುತ್ತಾರೆ. ಸ್ಕ್ರೀನ್‌ಶಾಟ್ ಕೇಳಿದರೆ ಆ ನಂಬರಿಗೆ ಫೋನ್ ಮಾಡಬಹುದು.