ನೆಗಡಿಗೆ ಮಳೆಯನ್ನು ಬೈಯಬೇಕಾ?

ಜೂನ್‌ನಲ್ಲಿ ಮುಂಬೈಗೆ ಮಳೆ ಹಿಡಿಯಿತು ಅಂದರೆ ಸಾಕು, ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡದವರ ಮನೆಗಳಲ್ಲಿ ಒಂದೇ ಮಾತು. "ತಲೆ ಒರೆಸಿಕೋ ಮಾರಾಯ, ಶೀತ ಆಗುತ್ತೆ." ಎರಡು ದಿನ ಬಿಟ್ಟು ಮೂಗು ಸೋರಿದರೆ ಬೈಗುಳ ಮಳೆಗೇ.

ಮಳೆನೀರಿನಲ್ಲಿ ನೆಗಡಿ ಇಲ್ಲ. ನೆಗಡಿ ತರುವುದು ವೈರಸ್, ಅದೂ ಒಂದಲ್ಲ, ಹಲವು. ಎಲ್ಲಕ್ಕಿಂತ ಜಾಸ್ತಿ ಕಾಡುವುದು ರೈನೋವೈರಸ್. ಅದೊಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಎದುರಿಸಲು ದೇಹ ಕಲಿಯುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಮಕ್ಕಳಿಗೆ ಇನ್ನೂ ಜಾಸ್ತಿ ಸಲ ನೆಗಡಿ ಆಗುವುದಕ್ಕೂ, ಇಷ್ಟು ವರ್ಷವಾದರೂ ಲಸಿಕೆ ಬರದಿರುವುದಕ್ಕೂ ಇದೇ ದೊಡ್ಡ ಕಾರಣ.

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾ? ಅದನ್ನೂ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು, ನಾಲ್ಕು ದಶಕಕ್ಕೂ ಜಾಸ್ತಿ ನಡೆಯಿತು. ಊಟ ವಸತಿ ಪುಕ್ಕಟೆ, ನೆಗಡಿಯೂ ಪುಕ್ಕಟೆ! ರಜೆ ಕಳೆಯಲೆಂದೇ ಜನ ಅಲ್ಲಿಗೆ ಹೋಗುತ್ತಿದ್ದರಂತೆ. ಅಲ್ಲಿ ಕೆಲವರಿಗೆ ಸ್ನಾನ ಮಾಡಿಸಿ, ಮೈ ಒರೆಸಿಕೊಳ್ಳಲು ಬಿಡದೆ ಗಾಳಿ ಬೀಸುವ ಕಾರಿಡಾರಿನಲ್ಲಿ ನಿಲ್ಲಿಸಿದರು, ಆಮೇಲೆ ಒದ್ದೆ ಸಾಕ್ಸ್ ಹಾಕಿಸಿ ಕೂರಿಸಿದರು. ಇನ್ನು ಕೆಲವರ ಮೂಗಿಗೆ ವೈರಸ್ ಇರುವ ಹನಿ ಬಿಟ್ಟರು. ಮತ್ತೆ ಕೆಲವರಿಗೆ ಎರಡೂ. ಬರೀ ಚಳಿ ಹಿಡಿಸಿಕೊಂಡವರಲ್ಲಿ ಒಬ್ಬರಿಗೂ ನೆಗಡಿ ಬರಲಿಲ್ಲ. 1968ರಲ್ಲಿ ಅಮೆರಿಕದವರು ರೈನೋವೈರಸ್ ಕೊಟ್ಟವರನ್ನು ಚಳಿಯಲ್ಲಿಟ್ಟು ನೋಡಿದಾಗಲೂ ವ್ಯತ್ಯಾಸ ಸಿಗಲಿಲ್ಲ.

ಅಲ್ಲಿಗೆ ಅಜ್ಜಿ ಸೋತಳು ಅನ್ನುವಂತಿಲ್ಲ. 2005ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ 180 ಜನರನ್ನು ಸೇರಿಸಿ, ಅರ್ಧದಷ್ಟು ಜನರ ಕಾಲನ್ನು 20 ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಮುಂದಿನ ನಾಲ್ಕೈದು ದಿನದಲ್ಲಿ ಅವರಲ್ಲಿ 13 ಜನ ನೆಗಡಿ ಅಂದರು, ಕಾಲು ಒದ್ದೆಯಾಗದ 90 ಜನರಲ್ಲಿ 5 ಜನ. ಮೂಗಿನಲ್ಲಿ ಮೊದಲೇ ಸದ್ದಿಲ್ಲದೆ ವೈರಸ್ ಇಟ್ಟುಕೊಂಡವರು ಇರುತ್ತಾರೆ, ಕಾಲು ತಣ್ಣಗಾದರೆ ಮೂಗಿನ ರಕ್ತನಾಳ ಬಿಗಿದು ಅಲ್ಲಿನ ಕಾವಲು ಸಡಿಲವಾಗುತ್ತದೆ ಅನ್ನುವುದು ಸಂಶೋಧಕರ ಊಹೆ. ಊಹೆ ಅಷ್ಟೇ, ಯಾಕೆಂದರೆ ನಿಜಕ್ಕೂ ವೈರಸ್ ಇತ್ತಾ ಅಂತ ಯಾರ ಮೂಗನ್ನೂ ಅವರು ಪರೀಕ್ಷಿಸಿರಲಿಲ್ಲ. ಆದರೆ ರೈನೋವೈರಸ್ಸಿಗೆ ಸ್ವಲ್ಪ ತಂಪು ಜಾಗವೇ ಇಷ್ಟ ಅನ್ನುವುದು ಖಾತ್ರಿಯಾದ ವಿಷಯ. ದೇಹದೊಳಗಿನ 37 ಡಿಗ್ರಿಗಿಂತ ಮೂಗಿನೊಳಗಿನ 33ರ ಆಸುಪಾಸಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ.

ನನ್ನನ್ನು ಕೇಳಿದರೆ ಮುಂಬೈಯಲ್ಲಿ ತಪ್ಪು ಲೋಕಲ್ ಟ್ರೈನಿನ ಕಿಟಕಿಯದ್ದು. ಮಳೆ ಶುರುವಾದ ಕೂಡಲೇ ಎಲ್ಲ ಕಿಟಕಿಯೂ ಬಂದ್. ಒಳಗೆ ಉಸಿರಿಗೆ ಉಸಿರು ತಾಗುವಷ್ಟು ಜನ, ಅದರಲ್ಲೊಬ್ಬ ಅಂಗೈಗೆ ಸೀನಿ ಅದೇ ಕೈಯಲ್ಲಿ ಕಂಬ ಹಿಡಿಯುತ್ತಾನೆ. ಅದನ್ನೇ ಹಿಡಿದ ನೀವು ದಾದರ್ ಬರುವ ಮೊದಲು ಕಣ್ಣೋ ಮೂಗೋ ಉಜ್ಜಿಕೊಂಡಿರುತ್ತೀರಿ, ಅಲ್ವಾ? ಸೀನಿನ ಹನಿಯಿಂದ ಹೇಗೋ ಹಾಗೆ ಈ ಕೈಯಿಂದಲೂ ನೆಗಡಿ ದಾಟುತ್ತದೆ. ಮನೆಗೆ ಬಂದು ತಲೆ ಒರೆಸುವುದಕ್ಕಿಂತ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.

ಇನ್ನು ಮೂಗು ಕಟ್ಟುವುದು. ಒಳಗೆ ಸಿಂಬಳ ತುಂಬಿದೆ ಅಂತ ಸುಮ್ನೆ ಸೀಟಿ ಸೀಟಿ ಮೂಗು ಕೆಂಪಗೆ ಮಾಡಿಕೊಳ್ಳುತ್ತೇವೆ. ಜಾಸ್ತಿ ಕಟ್ಟಿರುವುದು ಸಿಂಬಳದಿಂದಲ್ಲ, ರಕ್ತ ತುಂಬಿ ಊದಿಕೊಂಡ ಒಳಪದರದಿಂದ. ಊದಿಸಿದ್ದು ವೈರಸ್ಸಿನ ಜೊತೆ ಜಗಳಕ್ಕಿಳಿದ ನಮ್ಮದೇ ದೇಹ. ಮೂಗಿಗೆ ಬಿಡುವ ಡ್ರಾಪ್ಸ್ ಈ ಊತ ಇಳಿಸುತ್ತದೆ ನಿಜ, ಆದರೆ ವಾರಗಟ್ಟಲೆ ಬಿಟ್ಟುಕೊಂಡರೆ ಅದರಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಸಿಂಬಳ ಹಸಿರಾಯಿತು ಅಂತ ಮೆಡಿಕಲ್‌ಗೆ ಓಡಿ ಆಂಟಿಬಯಾಟಿಕ್ ನುಂಗುವವರೂ ಇದ್ದಾರೆ. ಆ ಬಣ್ಣ ಬಿಳಿ ರಕ್ತಕಣಗಳೊಳಗಿನ ಕಿಣ್ವದ್ದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ಮಕ್ಕಳ ವಿಷಯದಲ್ಲಂತೂ ಹುಷಾರು: ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎರಡೂ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಒಂದು ವರ್ಷದೊಳಗಿನ ಕೂಸಿಗೆ ಜೇನು ಮಾತ್ರ ಬೇಡ.

ಮಳೆ ನಿಜಕ್ಕೂ ತರುವ ಕಾಯಿಲೆ ಬೇರೆಯೇ ಇದೆ. ಹಿಂದ್‌ಮಾತಾದಲ್ಲೋ ಸಾಯನ್‌ನಲ್ಲೋ ಮೊಣಕಾಲುದ್ದ ನಿಂತ ನೀರಿನಲ್ಲಿ ಇಲಿಯ ಮೂತ್ರವೂ ಸೇರಿರುತ್ತದೆ, ಕಾಲಿನ ಸಣ್ಣ ಗಾಯದಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಒಳಗೆ ಹೋಗಬಹುದು. 2005ರ ಜುಲೈ 26ರ ಪ್ರವಾಹದ ನಂತರ ಈ ಇಲಿಜ್ವರ ಮುಂಬೈಯನ್ನು ಕಾಡಿತ್ತು. ಇಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು. ಅಂಥ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ತಗೊಳ್ಳಿ ಅಂತ ಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ. ಆಮೇಲೆ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸಿಕೊಂಡರೆ ನೆಗಡಿ ಜ್ವರ ಅಂತ ಮನೆಯಲ್ಲಿ ಮಲಗಬೇಡಿ, ನೀರಿಗಿಳಿದಿದ್ದನ್ನು ಡಾಕ್ಟರಿಗೆ ಹೇಳಿ.