‘50 ಅಡಿ ತಾನೇ’ ಅನ್ನುವ ಮುಂಚೆ

ರಾತ್ರಿ ಹೊತ್ತು ಹೆದ್ದಾರಿಗೆ ಟಾರು ಹಾಕುವ ಕಡೆ, ಸೇತುವೆಗೆ ಪಾಯ ತೋಡುವ ಕಡೆ, ತೆರೆದ ಗಣಿಗಳಲ್ಲಿ ಈ ಗಾಡಿಯನ್ನು ನೀವು ನೋಡಿರುತ್ತೀರಿ. ಕೆಳಗೆ ಎರಡು ಗಾಲಿ, ಪೆಟ್ಟಿಗೆಯೊಳಗೆ ಡೀಸೆಲ್ ಜನರೇಟರ್, ಮೇಲೆ ಉದ್ದನೆಯ ಕಂಬ, ತುದಿಯಲ್ಲಿ ನಾಲ್ಕು ಫೋಕಸ್ ದೀಪ. ಲೈಟ್ ಟವರ್ ಅಂತಾರೆ. ಕಂಬವನ್ನು ಪೂರ್ತಿ ಎತ್ತಿದರೆ ಸುಮಾರು 9 ಮೀಟರ್.

ಕೆಲಸ ಸ್ವಲ್ಪ ಮುಂದಕ್ಕೆ ಹೋದರೆ ದೀಪವೂ ಮುಂದಕ್ಕೆ ಹೋಗಬೇಕು. ಆಗ ಬಾಯಿಗೆ ಸುಲಭವಾಗಿ ಬರುವ ಮಾತು, ‘50 ಅಡಿ ತಾನೇ, ಕಂಬ ಯಾಕೆ ಇಳಿಸೋದು, ಹಾಗೇ ಎಳೀರಿ.’ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವ ಮಾತಿದು. ನೂರು ಕಿಲೋಮೀಟರ್ ಹೋಗಬೇಕಾದರೆ ಯಾರೂ ಹೀಗೆ ಹೇಳುವುದಿಲ್ಲ. ಹತ್ತಿರದ ದಾರಿಯಲ್ಲೇ ಅಪಾಯ ಜಾಸ್ತಿ.

ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ಗಾಲಿಗಳ ನಡುವೆ ಒಂದೂವರೆ ಮೀಟರ್ ಅಂತರ ಇದೆ ಅಂದುಕೊಳ್ಳಿ. ಒಂದು ಗಾಲಿ 15 ಸೆಂಟಿಮೀಟರ್ ಆಳದ ಗುಂಡಿಗೆ ಇಳಿಯಿತು. ಗಾಡಿ ಹತ್ತಕ್ಕೆ ಒಂದರಷ್ಟು ವಾಲಿತು. ನೆಲದ ಹತ್ತಿರ ಇದೇನೂ ದೊಡ್ಡದಲ್ಲ. ಆದರೆ 9 ಮೀಟರ್ ಮೇಲಿರುವ ದೀಪಗಳು ಅಷ್ಟು ಹೊತ್ತಿಗೆ 90 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತವೆ. ಗಾಲಿ ಇಳಿಯುವುದು ಒಂದೇ ಕ್ಷಣದಲ್ಲಿ, ಹಾಗಾಗಿ ಕಂಬ ಚಾಟಿಯ ಹಾಗೆ ಬೀಸುತ್ತದೆ.

ಗಾಳಿಯನ್ನೂ ಸೇರಿಸಿಕೊಳ್ಳಿ. ದೀಪಗಳ ಮುಖವೆಲ್ಲ ಸೇರಿ ಒಂದು ಚದರ ಮೀಟರ್ ಇದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು 20 ಕೆ.ಜಿ.ಯಷ್ಟು ಬಲದಿಂದ ತಳ್ಳುತ್ತದೆ. ಅದು 9 ಮೀಟರ್ ಎತ್ತರದಲ್ಲಿ ತಳ್ಳುವುದರಿಂದ, ಒಂದು ಮೀಟರ್ ಎತ್ತರದಲ್ಲಿ 180 ಕೆ.ಜಿ. ಬಲದಿಂದ ತಳ್ಳಿದ್ದಕ್ಕೆ ಸಮ. ನಿಂತಾಗ ಇದನ್ನು ತಡೆಯುವುದು ನಾಲ್ಕೂ ಕಡೆ ಹೊರಗೆ ಚಾಚಿದ ಜಾಕಿ ಕಾಲುಗಳು. ಎಳೆಯಬೇಕಾದರೆ ಅವನ್ನೇ ಎತ್ತಬೇಕಲ್ಲ! ಅದಕ್ಕೇ ಮೊದಲು ಕಂಬ ಇಳಿಯಬೇಕು, ಕಾಲುಗಳು ಆಮೇಲೆ. ಈ ಕ್ರಮ ಯಾವತ್ತೂ ತಿರುಗುಮುರುಗು ಆಗಬಾರದು.

ಮೇಲೆ ಕರೆಂಟ್ ತಂತಿ ಇದ್ದರಂತೂ ಇನ್ನೂ ಕಷ್ಟ. ವಿದ್ಯುತ್ ರೈಲು ಮಾರ್ಗದ ಗೇಟಿನ ಎರಡೂ ಬದಿ ಅಡ್ಡ ಕಟ್ಟಿರುವ ಕಂಬಿಯ ಎತ್ತರ 4.67 ಮೀಟರ್. ಒಳಗಿನ ತಂತಿಯಲ್ಲಿರುವುದು 25,000 ವೋಲ್ಟ್. ಅಷ್ಟು ವೋಲ್ಟೇಜಿಗೆ ಕಂಬ ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರುತ್ತದೆ.

ಕಂಬ ಇಳಿಸುವ ಕೆಲಸ ವಿಂಚಿನದು, ಅಂದರೆ ಹ್ಯಾಂಡಲ್ ತಿರುಗಿಸಿ ಡ್ರಮ್ಮಿಗೆ ರೋಪ್ ಸುತ್ತುವ, ಬಿಚ್ಚುವ ಸಾಧನದ್ದು. ತುದಿಯಲ್ಲಿ 60 ಕೆ.ಜಿ. ಭಾರ ಇದ್ದು ಅದು 7 ಮೀಟರ್ ಕೆಳಗೆ ಬರಬೇಕೆಂದರೆ, ಒಬ್ಬ ಆಳು ಎರಡನೇ ಮಹಡಿಯಿಂದ ಬಿದ್ದಷ್ಟು ಶಕ್ತಿಯನ್ನು ನಾವು ಮೆಲ್ಲಗೆ ಕರಗಿಸಬೇಕು. ಬಹಳಷ್ಟು ಕೈ ವಿಂಚುಗಳಲ್ಲಿ ಭಾರವೇ ಬ್ರೇಕನ್ನು ಬಿಗಿ ಹಿಡಿಸುವ ಏರ್ಪಾಡು ಇರುತ್ತದೆ. ಹ್ಯಾಂಡಲ್ ಬಿಟ್ಟರೂ ಕಂಬ ಅಲ್ಲೇ ನಿಲ್ಲುತ್ತದೆ. ಆದರೆ ಕಂಬ ಪೂರ್ತಿ ಇಳಿದ ಮೇಲೂ ಸುಮ್ನೆ ತಿರುಗಿಸುತ್ತಾ ಹೋದರೆ ರೋಪ್ ಎಲ್ಲ ಬಿಚ್ಚಿಕೊಂಡು, ಡ್ರಮ್ಮಿಗೆ ಉಲ್ಟಾ ಸುತ್ತಿಕೊಳ್ಳುತ್ತದೆ. ಆಗಲೂ ಕಂಬ ಮೇಲೇರುತ್ತದೆ, ನೋಡಲು ಎಲ್ಲ ಸರಿಯಾಗೇ ಕಾಣುತ್ತದೆ. ಬ್ರೇಕ್ ಮಾತ್ರ ಹಿಡಿಯುವುದಿಲ್ಲ.

ಹಾಗಾಗಿ ಡ್ರಮ್ಮಿನ ಮೇಲೆ ಯಾವಾಗಲೂ ಕೆಲವು ಸುತ್ತು ಉಳಿದಿರಬೇಕು. ಎಳೆದಾಡುವ ಎತ್ತನ್ನು ಹಿಡಿಯಲು ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಹಿಡಿಯುತ್ತಾರಲ್ಲ, ಅದೇ ಸೂತ್ರ ಇಲ್ಲೂ. ಮೂರು ಸುತ್ತು ಇದ್ದರೆ ತಿಕ್ಕಾಟವೇ ಎಳೆತದ ಬಹುಪಾಲನ್ನು ತಿಂದುಹಾಕುತ್ತದೆ. ರೋಪಿನ ತುದಿ ಹಿಡಿದಿರುವ ಬೋಲ್ಟಿಗೆ ತಲುಪುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಂಬ ಮಲಗಿದ ಮೇಲೆ ಲಾಕ್ ಪಿನ್ ಹಾಕಬೇಕು. ಬರೀ ರೋಪನ್ನು ನಂಬಿ ಹೊರಡಬಾರದು.

ದೀಪಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೆಯ ಟವರುಗಳಲ್ಲಿ ಇರುವುದು ಒಂದೊಂದೂ 1000 ವಾಟಿನ ಮೆಟಲ್ ಹಾಲೈಡ್ ಬಲ್ಬು. ಅದರ ಗಾಜಿನೊಳಗೆ ಇನ್ನೊಂದು ಪುಟ್ಟ ಕೊಳವೆ ಇರುತ್ತದೆ. ಅದರಲ್ಲಿ ಪಾದರಸದ ಆವಿಯೂ ಲೋಹದ ಲವಣಗಳೂ ಉರಿಯುತ್ತಿರುತ್ತವೆ. ಬೆಳಗುವಾಗ ಆ ಕೊಳವೆ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ, ಒಳಗಿನ ಒತ್ತಡವೂ ಹಾಗೇ ಏರಿರುತ್ತದೆ. ಆರಿಸಿದ ತಕ್ಷಣ ಮತ್ತೆ ಹಚ್ಚಿದರೆ ಹತ್ತುವುದಿಲ್ಲ, 10-15 ನಿಮಿಷ ತಣಿಯಬೇಕು. ಬಿಸಿ ಇರುವಾಗಲೇ ಗುಂಡಿ ಬಿದ್ದ ದಾರಿಯಲ್ಲಿ ಎಳೆದರೆ ಬಲ್ಬು ಒಡೆಯಬಹುದು. ಹೊರಗಿನ ಗಾಜು ಮಾತ್ರ ಒಡೆದು ಒಳಗಿನದು ಉಳಿದರೆ ದೀಪ ಉರಿಯುತ್ತಲೇ ಇರಬಹುದು. ಆದರೆ ನೇರಳಾತೀತ ಕಿರಣವನ್ನು ತಡೆಯುತ್ತಿದ್ದದ್ದು ಆ ಹೊರ ಗಾಜೇ. ಅದರ ಕೆಳಗೆ ಕೆಲಸ ಮಾಡುವವರ ಕಣ್ಣು ಉರಿಯುತ್ತದೆ, ಚರ್ಮ ಸುಡುತ್ತದೆ. ಕಾರಣ ಗೊತ್ತಾಗದೆ ಅವರು ಧೂಳನ್ನು ಬೈಯುತ್ತಿರುತ್ತಾರೆ. ಎಲ್ಇಡಿ ದೀಪಗಳಿಗೆ ಈ ತೊಂದರೆ ಇಲ್ಲ.

ಅರ್ಥಿಂಗ್ ಸರಳನ್ನು ನೆಲದಿಂದ ಕೀಳುವುದು ಮರೆತು ಹೊರಡುವವರೂ ಇದ್ದಾರೆ. ಅದನ್ನು ಜನರೇಟರ್ ನಿಲ್ಲಿಸಿದ ಮೇಲೆಯೇ ಕೀಳಬೇಕು.

ಇನ್ನು ಟವರನ್ನು ಎಳೆಯುವ ವಾಹನಕ್ಕೆ ಸಿಕ್ಕಿಸುವ ಕೊಂಡಿ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂಭಾರ ಆದರೆ ನೊಗ ಹೆಗಲು ಒತ್ತುತ್ತದೆ. ಮೂಟೆ ಹಿಂದೆ ಮುಂದೆ ಸರಿಸಿ ಹದ ಮಾಡುತ್ತಾರೆ. ಟ್ರೈಲರಿನ, ಅಂದರೆ ಹೀಗೆ ಹಿಂದೆ ಎಳೆಸಿಕೊಂಡು ಬರುವ ಗಾಡಿಯ, ಹದ ಇಷ್ಟು: ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು. 800 ಕೆ.ಜಿ. ಟವರಿಗೆ 80ರಿಂದ 120 ಕೆ.ಜಿ. ಹಿಂಭಾರವಾದ ಟ್ರೈಲರ್ ನಿಧಾನಕ್ಕೆ ಹೋಗುವಾಗ ಸುಮ್ಮನಿರುತ್ತದೆ. ವೇಗ ಹೆಚ್ಚಿದಂತೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಪ್ರತಿ ಸಲವೂ ಮೊದಲಿಗಿಂತ ದೊಡ್ಡದಾಗಿ. ಆಗ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಸ್ಟೀರಿಂಗ್ ನೇರ ಹಿಡಿಯಬೇಕು. ಮಡಚಿದ ಕಂಬ ಯಾವ ಕಡೆ ಮಲಗಿದೆ ಅನ್ನುವುದರಿಂದಲೂ ಈ ಹದ ಬದಲಾಗುತ್ತದೆ.

ಕೊಂಡಿಯ ಕೆಳಗೆ ಎರಡು ಸರಪಳಿ ಹಾಕುತ್ತಾರೆ, ಅದೂ ಗುಣಿಸು ಚಿಹ್ನೆಯ ಹಾಗೆ ಅಡ್ಡಡ್ಡ. ಕೊಂಡಿ ಕಳಚಿದರೆ ಟ್ರೈಲರಿನ ಮೂತಿ ಆ ತೊಟ್ಟಿಲಿನ ಮೇಲೆ ಕೂರುತ್ತದೆ. ಇಲ್ಲದಿದ್ದರೆ ಮೂತಿ ರಸ್ತೆಗೆ ಚುಚ್ಚಿಕೊಂಡು ಗಾಡಿ ಪಲ್ಟಿ ಹೊಡೆಯಬಹುದು.

ಟೈರಿನ ಗಾಳಿ, ಹಿಂದಿನ ದೀಪ, ಇಂಡಿಕೇಟರ್ ನೋಡಿಕೊಂಡು ಹೊರಟ ಮೇಲೆ, ನಾಲ್ಕೈದು ಕಿಲೋಮೀಟರ್ ದಾಟಿ ಒಮ್ಮೆ ನಿಲ್ಲಿಸಿ ಇಳಿಯಿರಿ. ಪಿನ್ನುಗಳು ಜಾಗದಲ್ಲೇ ಇವೆಯಾ ನೋಡಿ. ಗಾಲಿಯ ಹಬ್, ಅಂದರೆ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ. ಎರಡೂ ಕಡೆ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಕಡೆ ಮಾತ್ರ ಕೈ ತಾಳದಷ್ಟು ಬಿಸಿ ಇದ್ದರೆ ಬೇರಿಂಗಿನಲ್ಲಿ ಗ್ರೀಸ್ ಇಲ್ಲ, ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲಿಂದ ಮುಂದೆ ಎಳೆಯಬೇಡಿ.